ಗೋಡೆ ಗಡಿಯಾರದ 20 ವರ್ಷ, ಹಾಜರಿ ಪುಸ್ತಕದ 12 ವರ್ಷ: ಮಂಗಳೂರು ಹಂಚಿನ ಕತೆ

ಇವತ್ತಿನ ಇತಿಹಾಸದ ಕತೆಯಲ್ಲಿ ರಾಜರಿಲ್ಲ, ಯುದ್ಧ ಇಲ್ಲ. ಇರೋದು ಒಂದು ಹಂಚು, ಒಂದು ಗೋಡೆ ಗಡಿಯಾರ, ಮತ್ತು ನಮ್ಮ ಅಜ್ಜಿ.

ಮೊದಲು ಹಂಚಿಗೆ ಬರ್ತೀನಿ. ಕರಾವಳಿ ಕಡೆಯ ಹಳೇ ಮನೆಯಲ್ಲಿ ರಜೆ ಕಳೆದವರಿಗೆ ಇದು ಗೊತ್ತಿರುತ್ತೆ. ಮಧ್ಯಾಹ್ನ ಊಟ ಆದ ಮೇಲೆ ಚಾಪೆ ಹಾಕಿ ಅಂಗಾತ ಮಲಗಿದರೆ ಮೇಲೆ ಮಾಡು ಕಾಣುತ್ತೆ. ಹಂಚಿನ ಹಿಂಬದಿಯಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕಂಪನಿಯ ಹೆಸರು, ಮಂಗಳೂರು ಅಂತ ಊರಿನ ಹೆಸರು. ಕೆಲವು ಹಂಚಿನಲ್ಲಿ ಒಂದು ಇಸವಿ ಕೂಡ ಇರುತ್ತೆ: 1865. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದೋಕೆ ಕಲಿತದ್ದೇ ಹೀಗೆ ಮಲಗಿಕೊಂಡು.

ಆ 1865 ನೋಡಿ ತುಂಬಾ ಜನ, "ನಮ್ಮ ಮನೆ ಹಂಚು ನೂರೈವತ್ತು ವರ್ಷ ಹಳೇದು" ಅಂತ ಹೆಮ್ಮೆಯಿಂದ ಫೋಟೋ ಹಾಕ್ತಾರೆ. ನಾನೂ ಒಂದು ಸಲ ಹಾಕಿದ್ದೆ. ಆದರೆ ಆ ಇಸವಿ ಹಂಚು ಸುಟ್ಟ ವರ್ಷ ಅಲ್ಲ. ಅದು ಕಾರ್ಖಾನೆ ಶುರುವಾದ ವರ್ಷ. ಎಷ್ಟೋ ದಶಕ ಆದಮೇಲೆ ಬಂದ ಹಂಚಿನ ಮೇಲೂ ಅದೇ ವರ್ಷ ಒತ್ತುತ್ತಿದ್ದರು. ಅಂದರೆ ಕಂಪನಿ ಹುಟ್ಟಿದ ದಿನ ಪ್ರತಿ ಹಂಚಿನ ಮೇಲೂ ಇದೆ. ಆ ಹಂಚು ಮಾಡಿದ ಕೈಯ ಲೆಕ್ಕ ಎಲ್ಲಿದೆ? ಇವತ್ತಿನ ಎಪಿಸೋಡ್ ಪೂರ್ತಿ ಇದೇ ಪ್ರಶ್ನೆ.

ಮಂಗಳೂರಿಗೆ ಬಾಸೆಲ್ ಮಿಷನ್ ಬಂದದ್ದು 1834ರಲ್ಲಿ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನ ಈ ಸಂಸ್ಥೆಯಲ್ಲಿ ಜರ್ಮನ್ ಮತ್ತು ಸ್ವಿಸ್ ಜನ ಇದ್ದರು. ಬಂದದ್ದು ಧರ್ಮ ಪ್ರಚಾರಕ್ಕೆ. ಆದರೆ ಕನ್ನಡಿಗರಿಗೆ ಅವರ ಹೆಸರು ನೆನಪಿರೋದು ಬೇರೆ ಕಾರಣಕ್ಕೆ. 1843ರಲ್ಲಿ ಬಂದ ಮೊದಲ ಕನ್ನಡ ಪತ್ರಿಕೆ 'ಮಂಗಳೂರ ಸಮಾಚಾರ', 1894ರಲ್ಲಿ ಅಚ್ಚಾದ ಕಿಟೆಲ್ ಅವರ ಕನ್ನಡ ಇಂಗ್ಲಿಷ್ ನಿಘಂಟು, ಇವೆರಡೂ ಆ ಮಿಷನ್ನಿನವರ ಕೆಲಸ.

ಆದರೆ ಪ್ರಚಾರಕ್ಕೆ ಬಂದವರು ಕಾರ್ಖಾನೆ ಯಾಕೆ ಕಟ್ಟಿದರು? ಆ ಕಾಲದಲ್ಲಿ ಕ್ರೈಸ್ತ ಧರ್ಮಕ್ಕೆ ಸೇರಿದವರಿಗೆ ಮನೆಯ ಬಾಗಿಲು ಮುಚ್ಚಿಹೋಗುತ್ತಿತ್ತು. ಗೇಣಿಗೆ ಮಾಡುತ್ತಿದ್ದ ಗದ್ದೆ ಹೋಗುತ್ತಿತ್ತು, ಜಾತಿಯ ಕಸುಬೂ ಕೈತಪ್ಪುತ್ತಿತ್ತು. ಕಳ್ಳು ಇಳಿಸೋ ಕುಟುಂಬದಿಂದ ಬಂದವರಿಗೆ ಆ ಕಸುಬು ಮುಂದುವರಿಸೋಕೆ ಮಿಷನ್ನೇ ಬಿಡುತ್ತಿರಲಿಲ್ಲ. ಹಾಗಾದರೆ ಅವರು ಹೊಟ್ಟೆಗೆ ಏನು ಮಾಡಬೇಕು? ಹೀಗೆ ಮೊದಲು ಪ್ರೆಸ್ಸು, ಆಮೇಲೆ ನೇಯ್ಗೆ, ಆಮೇಲೆ ಹಂಚು ಬಂತು.

ಹಂಚಿನ ಹಿಂದೆ ಇದ್ದ ವ್ಯಕ್ತಿ ಜಾರ್ಜ್ ಪ್ಲೆಬ್ಸ್ಟ್. ತಮಾಷೆ ಅಂದರೆ ಇವರು ಮಂಗಳೂರಿಗೆ ಬಂದದ್ದು ಹಂಚಿಗಲ್ಲ, ಮಿಷನ್‌ನ ಮುದ್ರಣದ ಕೆಲಸಕ್ಕೆ. ಮೆಷಿನ್ ಕೈಗೆ ಸಿಕ್ಕರೆ ಬಿಡದ ಮನುಷ್ಯ. ಇಲ್ಲಿನ ನದಿ ದಂಡೆಯಲ್ಲಿ ಬೇಕಾದಷ್ಟು ಒಳ್ಳೇ ಜೇಡಿಮಣ್ಣು ಇತ್ತು. ಯುರೋಪಿನ ಹಂಚಿನ ವಿದ್ಯೆಯನ್ನು ಆ ಮಣ್ಣಿಗೆ ಹೊಂದಿಸಿ, 1865ರಲ್ಲಿ ನೇತ್ರಾವತಿ ಹತ್ತಿರ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದರು. ಮಣ್ಣು ಅರೆಯೋಕೆ ಎತ್ತು, ಜತೆಗೆ ಬೆರಳೆಣಿಕೆಯ ಕೆಲಸಗಾರರು. ದಿನಕ್ಕೆ ಆಗುತ್ತಿದ್ದದ್ದು ಕೆಲವೇ ನೂರು ಹಂಚು.

ಅದಕ್ಕೂ ಮೊದಲು ನಮ್ಮಲ್ಲಿ ಹಂಚು ಇರಲಿಲ್ಲವಾ ಅಂತ ಕೇಳಬಹುದು. ಇತ್ತು. ಕುಂಬಾರರು ಕೈಯಲ್ಲಿ ಮಾಡುತ್ತಿದ್ದ, ಅರ್ಧ ಕೊಳವೆಯ ಹಾಗೆ ಬಾಗಿದ ನಾಡಹಂಚು. ಒಂದರ ಮೇಲೊಂದು ದಪ್ಪವಾಗಿ ಹೊದಿಸಬೇಕು, ಮಂಗ ಹಾರಿದರೆ ಜರುಗುತ್ತೆ, ಮಳೆಗಾಲಕ್ಕೆ ಮುಂಚೆ ಪ್ರತಿ ವರ್ಷ ಕೈಯಾಡಿಸಬೇಕು. ಹೊಸ ಹಂಚು ಚಪ್ಪಟೆ. ಅಂಚಿನಲ್ಲಿ ಗಾಡಿ ಇರುತ್ತೆ, ಒಂದರ ಅಂಚು ಇನ್ನೊಂದರ ಗಾಡಿಯಲ್ಲಿ ಕೂತು ಲಾಕ್ ಆಗುತ್ತೆ. ಈ ಕೂಡುಹಂಚಿನ ಐಡಿಯಾ ಮಂಗಳೂರಿನದ್ದಲ್ಲ. ಫ್ರಾನ್ಸಿನ ಅಲ್ಸಾಸ್ ಸೀಮೆಯ ಗಿಲಾರ್ಡೋನಿ ಸಹೋದರರು 1841ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದರು. ಆದರೆ ಈ ಹಂಚಿಗೆ ಪ್ರಪಂಚದಲ್ಲಿ ಹೆಸರು ತಂದುಕೊಟ್ಟ ಊರುಗಳಲ್ಲಿ ನಮ್ಮ ಮಂಗಳೂರು ದೊಡ್ಡದು.

ಲೆಕ್ಕ ಸಿಂಪಲ್. ಒಂದು ಹಂಚು 2ರಿಂದ 3 ಕಿಲೋ. ಒಂದು ಚದರ ಮೀಟರ್ ಮಾಡಿಗೆ ಸುಮಾರು 15 ಹಂಚು ಸಾಕು. ನಾಡಹಂಚಿಗಿಂತ ಭಾರ ಕಮ್ಮಿ, ಹಾಗಾಗಿ ಕೆಳಗಿನ ಪಕ್ಕಾಸು, ರೀಪಿನ ಮರದ ಖರ್ಚೂ ಕಮ್ಮಿ. ಕರಾವಳಿಯ ಜಡಿಮಳೆಗೆ ಸೋರಲ್ಲ, ಬೆಂಕಿ ತಗುಲಲ್ಲ. ಮುಳಿಹುಲ್ಲು, ತೆಂಗಿನ ಮಡಲು ಹೊದಿಸಿದ ಮನೆಗಳ ಸಾಲಿಗೆ ಒಂದು ಕಿಡಿ ಬಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಿ, ಈ ಹಂಚಿನ ಬೆಲೆ ಗೊತ್ತಾಗುತ್ತೆ.

ಮುಂದಿನದ್ದು ಇವತ್ತಿನ ಸ್ಟಾರ್ಟ್‌ಅಪ್ ಭಾಷೆಯಲ್ಲಿ ಹೇಳಬೇಕು ಅಂದರೆ 'ಸ್ಕೇಲ್ ಅಪ್'. 1870ರ ದಶಕದಲ್ಲಿ ಕಲ್ಲಿಕೋಟೆಯಲ್ಲಿ ಕಾರ್ಖಾನೆ ಎದ್ದಿತು. 1880ರ ದಶಕದಲ್ಲಿ ಮಂಗಳೂರಿನ ಕುದ್ರೋಳಿ, ಉಡುಪಿ ಹತ್ತಿರದ ಮಲ್ಪೆ, ಕೇರಳದ ತಿರೂರ್ ಹತ್ತಿರದ ಕೊಡಕಲ್, ಪಾಲಕ್ಕಾಡ್. 1905ರಲ್ಲಿ ಕಲ್ಲಿಕೋಟೆ ಪಕ್ಕದ ಫೆರೋಕ್. ಒಟ್ಟು 7 ಕಾರ್ಖಾನೆ. ಎತ್ತಿನ ಜಾಗಕ್ಕೆ ಉಗಿಯಂತ್ರ ಬಂತು.

ಈ ಊರುಗಳನ್ನು ಮ್ಯಾಪ್‌ನಲ್ಲಿ ಹಾಕಿ ನೋಡಿ. ಜೆಪ್ಪು ನೇತ್ರಾವತಿಯ ಹತ್ತಿರ, ಕುದ್ರೋಳಿ ಗುರುಪುರ ನದಿಯ ಬಳಿ, ಮಲ್ಪೆ ಸಮುದ್ರದ ಬಾಯಲ್ಲಿ, ಫೆರೋಕ್ ಚಾಲಿಯಾರ್ ದಂಡೆಯಲ್ಲಿ, ಪಾಲಕ್ಕಾಡ್ ರೈಲು ದಾರಿಯಲ್ಲಿ. ಮಣ್ಣು ದೋಣಿಯಲ್ಲಿ ಬರಬೇಕು, ಭಟ್ಟಿಗೆ ಸೌದೆ ಘಟ್ಟದಿಂದ ಇಳಿಯಬೇಕು, ಸುಟ್ಟ ಹಂಚು ಒಡೆಯದ ಹಾಗೆ ಬಂದರಿಗೋ ರೈಲಿಗೋ ಹೋಗಬೇಕು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಅಲ್ಲಿವರೆಗೆ ಎಲ್ಲ ನೀರಿನ ದಾರಿಯೇ. ಬರ್ಮಾ, ಸಿಲೋನ್, ಪೂರ್ವ ಆಫ್ರಿಕಾ, ಆಸ್ಟ್ರೇಲಿಯಾದವರೆಗೆ ಮಂಗಳೂರು ಹಂಚು ಹಡಗು ಹತ್ತಿತು.

ಊರವರೂ ಸುಮ್ಮನೆ ಕೂರಲಿಲ್ಲ. 1868ರಲ್ಲೇ ಪಾಸ್ಕಲ್ ಆಲ್ಬುಕರ್ಕ್ ಅವರು ಪಾಣೆಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. 1900ರ ಹೊತ್ತಿಗೆ ಮಂಗಳೂರು ಸುತ್ತಮುತ್ತ ಸುಮಾರು 25 ಕಾರ್ಖಾನೆಗಳಿದ್ದವು. ನದಿ ದಂಡೆ ಉದ್ದಕ್ಕೂ ಚಿಮಣಿಗಳು. ಬಿಲ್ಡಿಂಗ್ ಮಟೀರಿಯಲ್ ಬಿಸಿನೆಸ್‌ನಲ್ಲಿ ಒಂದು ಊರಿನ ಹೆಸರೇ ಬ್ರ್ಯಾಂಡ್ ಆಗಿದ್ದು ಹೀಗೆ.

ಇಷ್ಟು ಕಂಪನಿಯ ಕತೆ. ಈಗ ಶೆಡ್ಡಿನ ಒಳಗೆ ಹೋಗೋಣ.

ಗದ್ದೆ ಮತ್ತು ನದಿ ದಂಡೆಯಿಂದ ಅಗೆದ ಮಣ್ಣನ್ನು ಕಾರ್ಖಾನೆ ಅಂಗಳದಲ್ಲಿ ರಾಶಿ ಹಾಕ್ತಾರೆ. ಬೇರೆ ಬೇರೆ ಕಡೆಯ ಮಣ್ಣು ಬೆರೆಸಿ, ನೀರು ಹಾಕಿ ಹದಕ್ಕೆ ಬಿಡ್ತಾರೆ. ಆಮೇಲೆ ಅರೆಯೋ ಯಂತ್ರ. ಅದರಿಂದ ಬಂದ ಮಣ್ಣಿನ ಬಿಲ್ಲೆಯನ್ನು ಪ್ರೆಸ್ಸಿಗೆ ಕೊಟ್ಟು ಒತ್ತಿದರೆ ಹಸಿ ಹಂಚು. ಅಂಚು ಕೆತ್ತಿ ಮರದ ಚೌಕಟ್ಟಿನ ಮೇಲಿಟ್ಟು ನೆರಳಲ್ಲಿ ದಿನಗಟ್ಟಲೆ ಒಣಗಿಸಬೇಕು. ಬಿಸಿಲಿಗೆ ಇಟ್ಟರೆ ಸೀಳುತ್ತೆ. ಒಣಗಿದ್ದು ಭಟ್ಟಿಗೆ, ಸುಟ್ಟು ತಣ್ಣಗಾದದ್ದು ಅಂಗಳಕ್ಕೆ. ಕೊನೆಗೆ ಬೆರಳ ಗಿಣ್ಣಿನಿಂದ ಬಡಿದು ನೋಡೋದು. ಟಣ್ ಅಂದರೆ ಒಂದನೇ ನಂಬರ್. ಡಬ್ ಅಂದರೆ ಒಳಗೆಲ್ಲೋ ಬಿರುಕು.

ಈ ಪ್ರತಿ ಹಂತದ ನಡುವೆ ಒಂದು ಕೆಲಸ ಇದೆ, ಅದಕ್ಕೆ ಯಾವ ಯಂತ್ರವೂ ಬರಲಿಲ್ಲ. ಹೊರೋದು. ಮಣ್ಣು ಹೊರೋದು, ಹಸಿ ಹಂಚು ಹೊರೋದು, ಸುಟ್ಟ ಹಂಚು ಹೊರೋದು. ತಲೆ ಮೇಲೆ ಸಿಂಬೆ, ಅದರ ಮೇಲೆ 8 ಹಂಚು, ಹತ್ತಿರ ಹತ್ತಿರ 20 ಕಿಲೋ. ಹೊರುತ್ತಿದ್ದವರು ಹೆಚ್ಚಾಗಿ ಹೆಂಗಸರು.

ಮಿಷನ್ ಕಾರ್ಖಾನೆಯ ಕೆಲಸಗಾರರಿಗೆ ಏನು ಸಿಗುತ್ತಿತ್ತು? ಒಳ್ಳೇದನ್ನು ಮೊದಲು ಹೇಳ್ತೀನಿ. ಭಾನುವಾರ ರಜೆ. ಇದು ಸಣ್ಣದಲ್ಲ. ಬಾಂಬೆಯ ಗಿರಣಿ ಕಾರ್ಮಿಕರು ಒಂದು ಭಾನುವಾರಕ್ಕಾಗಿ ನಾರಾಯಣ ಮೇಘಾಜಿ ಲೋಖಂಡೆ ಅವರ ಮುಂದಾಳತ್ವದಲ್ಲಿ ವರ್ಷಗಟ್ಟಲೆ ಹೋರಾಡಿ, 1890ರಲ್ಲಿ ಅದನ್ನು ಪಡೆದರು. ಕಾಯಿಲೆ ಬಿದ್ದಾಗ ನೆರವಾಗೋ ನಿಧಿ, ದುಡ್ಡು ಉಳಿಸಿಡೋ ವ್ಯವಸ್ಥೆ ಕೂಡ ಮಿಷನ್ ಉದ್ಯಮಗಳಲ್ಲಿ ಇತ್ತು. ಆ ಕಾಲಕ್ಕೆ ಇದು ದೊಡ್ಡ ಮಾತು. ಒಂದು ಮಾತು ಜತೆಗೆ ಸೇರಿಸಬೇಕು: ಇದೆಲ್ಲ ಕೊಡುವವರ ಮನಸ್ಸಿನಿಂದ ಬಂದದ್ದು. ಕೇಳಿ ಪಡೆಯೋ ಹಕ್ಕು ಆಗಿರಲಿಲ್ಲ. ಜತೆಗೆ ಗಂಟೆಯ ಶಿಸ್ತು. ಸೂರ್ಯ, ಮಳೆ, ಕೊಯ್ಲು ನೋಡಿ ಬದುಕುತ್ತಿದ್ದ ಜನ ಮೊದಲ ಸಲ ಕಾರ್ಖಾನೆಯ ಬೆಲ್ಲಿಗೆ ಓಡೋಕೆ ಶುರು ಮಾಡಿದರು.

ಮೊದಲ ಮಹಾಯುದ್ಧ ಬಂತು. ಜರ್ಮನ್ನರು ಬ್ರಿಟಿಷರಿಗೆ ಶತ್ರುಗಳು. ಮಿಷನ್ನಿನ ಉದ್ಯಮ ಸರ್ಕಾರದ ವಶಕ್ಕೆ ಹೋಯ್ತು, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಅನ್ನುವ ಹೊಸ ಕಂಪನಿ ಅದನ್ನು ವಹಿಸಿಕೊಂಡಿತು. ಮಾಲೀಕರು ಬದಲಾದರು, ಅಚ್ಚಿನ ಹೆಸರು ಬದಲಾಯ್ತು. ಸಿಂಬೆ ಬದಲಾಗಲಿಲ್ಲ.

ಬಾಸೆಲ್‌ನ ಆರ್ಕೈವ್ಸ್‌ನಲ್ಲಿ ಈ ಕಾರ್ಖಾನೆಗಳ ಹಳೇ ಫೋಟೋಗಳಿವೆ, ಆನ್‌ಲೈನ್‌ನಲ್ಲೂ ನೋಡಬಹುದು. ನಾನು ಒಂದು ರಾತ್ರಿ ಪೂರ್ತಿ ಕೂತು ನೋಡಿದೆ. ಒಂದೊಂದೇ ಮುಖ ಜೂಮ್ ಮಾಡಿದೆ. ಪ್ರೆಸ್ಸಿನ ಪಕ್ಕ ನಿಂತ ಗಂಡಸರು, ಹಂಚಿನ ಸಾಲಿನ ಮುಂದೆ ಹೆಂಗಸರು. ನಾನು ನೋಡಿದ ಫೋಟೋಗಳ ಕೆಳಗೆ ಊರಿನ ಹೆಸರಿತ್ತು, ಕಾರ್ಖಾನೆಯ ಹೆಸರಿತ್ತು. ಆ ಹೆಂಗಸರ ಹೆಸರಿರಲಿಲ್ಲ.

ಇನ್ನು ಕಾನೂನು. ಭಾರತದ ಮೊದಲ ಫ್ಯಾಕ್ಟರಿ ಕಾಯ್ದೆ 1881ರದ್ದು. ಯಂತ್ರಬಲ ಇರೋ, 100ಕ್ಕಿಂತ ಕಮ್ಮಿ ಇಲ್ಲದ ಕೆಲಸಗಾರರಿರೋ ಕಾರ್ಖಾನೆಗೆ ಮಾತ್ರ, ಅದೂ ಮುಖ್ಯವಾಗಿ ಮಕ್ಕಳ ದುಡಿಮೆಗೆ ಮಿತಿ ಹಾಕೋಕೆ. 1891ರಲ್ಲಿ ಹೆಂಗಸರ ದುಡಿಮೆಗೆ ದಿನಕ್ಕೆ 11 ಗಂಟೆಯ ಮಿತಿ ಬಂತು. ಹನ್ನೊಂದು ಗಂಟೆ, ಅದೂ ಸುಧಾರಣೆ! 1930, 40ರ ದಶಕಗಳಲ್ಲಿ ಕರಾವಳಿಯಲ್ಲಿ ಕಾರ್ಮಿಕ ಸಂಘಗಳು ಬೆಳೆದವು. ಬಿ.ವಿ. ಕಕ್ಕಿಲ್ಲಾಯರಂಥವರು ಜಿಲ್ಲೆಯ ಕಾರ್ಮಿಕರನ್ನು ಒಟ್ಟು ಮಾಡೋದರಲ್ಲಿ ದುಡಿದರು. ಸ್ವಾತಂತ್ರ್ಯದ ನಂತರ 1948ರ ಫ್ಯಾಕ್ಟರಿ ಕಾಯ್ದೆ ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತು. 1952ರಲ್ಲಿ ಪಿಎಫ್ ಕಾನೂನು, 1972ರಲ್ಲಿ ಗ್ರಾಚ್ಯುಟಿ ಕಾಯ್ದೆ.

ಆ 1972 ನೆನಪಿಟ್ಟುಕೊಳ್ಳಿ. ಯಾಕಂದ್ರೆ ಇಲ್ಲಿ ನಮ್ಮ ಅಜ್ಜಿ ಬರ್ತಾರೆ.

ಅಜ್ಜಿ ಕೆಲಸಕ್ಕೆ ಸೇರಿದ್ದು 1964ರಲ್ಲಿ, ಗುರುಪುರ ಹೊಳೆ ಪಕ್ಕದ ಒಂದು ಹಂಚಿನ ಕಾರ್ಖಾನೆಗೆ. ನಾನು ಈವರೆಗೆ ಹೇಳಿದ ಯಾವ ಕಂಪನಿಯೂ ಅದಲ್ಲ. ಹೆಸರು ಹೇಳಲ್ಲ, ಈಗ ಅದು ಇಲ್ಲ. ಆಗ ಅಜ್ಜಿಗೆ 16 ವರ್ಷ. ಕೆಲಸ ಹೊರೋದು. ಹಾಜರಿ ಹಾಕೋ ರೈಟರು ಹತ್ತಿರ ಎರಡು ಪುಸ್ತಕ ಇದ್ದವಂತೆ. ಒಂದು ದೊಡ್ಡದು, ಪರ್ಮನೆಂಟ್‌ನವರಿಗೆ. ಇನ್ನೊಂದು ಸಣ್ಣದು, ಬದಲಿಯವರಿಗೆ. ಅಜ್ಜಿ 8 ವರ್ಷ ಸಣ್ಣ ಪುಸ್ತಕದಲ್ಲೇ ಇದ್ದರು. ಹೆಸರಿಗೆ ಬದಲಿ. ಆದರೆ ಬರದ ದಿನ ಇರಲಿಲ್ಲ. 1972ರಲ್ಲಿ ಯೂನಿಯನ್‌ನವರು ಗಲಾಟೆ ಮಾಡಿದ ಮೇಲೆ ದೊಡ್ಡ ಪುಸ್ತಕಕ್ಕೆ ಹೆಸರು ಹತ್ತಿತು.

ನಾನು ಒಂದು ಸಲ ಕೇಳಿದೆ, "ಅಜ್ಜಿ, ನೀವು ಹಂಚು ಹೊರ್ತಾ ಇದ್ರಲ್ಲ, ನಿಮ್ಮ ಮನೆಗೆ ಹಂಚು ಯಾವಾಗ ಬಂತು?"

"ನಮ್ಮ ಮನೆಗಾ? ಅದು ನಿನ್ನ ಅಮ್ಮ ಶಾಲೆಗೆ ಹೋಗುವಾಗ ಮಾರಾಯ. ಅಲ್ಲಿವರೆಗೆ ಮುಳಿಹುಲ್ಲೇ. ಮಳೆಗಾಲದಲ್ಲಿ ಮೂರು ಕಡೆ ಪಾತ್ರೆ ಇಡ್ಬೇಕಿತ್ತು."

ಅಮ್ಮ ಶಾಲೆಗೆ ಸೇರಿದ್ದು 1977ರಲ್ಲಿ. ಅಂದರೆ ಬೇರೆಯವರ ಮಾಡಿಗೆ 13 ವರ್ಷ ಹಂಚು ಹೊತ್ತ ಮೇಲೆ ಅಜ್ಜಿಯ ಮಾಡಿಗೆ ಹಂಚು ಏರಿತು. ಅದೂ ಎರಡನೇ ನಂಬರಿನದ್ದು, ಡಬ್ ಅನ್ನೋದು. ಸಂಬಳದಲ್ಲಿ ಕಂತಿನ ಹಾಗೆ ಹಿಡಿದುಕೊಂಡರಂತೆ. ಮಲಬಾರಿನಲ್ಲಿ ಒಂದು ಕಾಲಕ್ಕೆ ಹಂಚಿನ ಮಾಡು ಅನ್ನೋದು ದೇವಸ್ಥಾನ, ಅರಮನೆ, ದೊಡ್ಡ ಮನೆತನಗಳಿಗೆ ಮಾತ್ರ ಸಲ್ಲುತ್ತಿದ್ದ ಗೌರವ. ಕಾರ್ಖಾನೆಗಳು ಆ ಬೇಲಿ ಮುರಿದವು ಅನ್ನೋದು ನಿಜ. ಬೇಲಿ ಮುರಿದ ಮೇಲೂ ಒಳಗೆ ಬರೋಕೆ ದುಡ್ಡು ಬೇಕಿತ್ತು ಅನ್ನೋದೂ ನಿಜ.

ಈಗ ಗಡಿಯಾರ. 1984ರಲ್ಲಿ ಕಾರ್ಖಾನೆ ದೊಡ್ಡದಾಯ್ತು. ಹೊಳೆಯ ಆಚೆ ದಂಡೆಯಲ್ಲಿ ಎರಡನೇ ಯೂನಿಟ್, ಹೊಸ ಭಟ್ಟಿ. ಉದ್ಘಾಟನೆಗೆ ಚಪ್ಪರ, ಮೈಕು, ಎಲ್ಲರಿಗೂ ಊಟ. ಧನಿಗಳು ಮೈಕ್ ಹಿಡಿದು, ಇಷ್ಟು ದೊಡ್ಡದಾಗಿದ್ದು ನಿಮ್ಮ ದುಡಿಮೆಯಿಂದ ಅಂದರಂತೆ. ಆಮೇಲೆ 12 ಮಂದಿ ಕೆಲಸಗಾರರನ್ನು ಹೆಸರು ಕರೆದು ವೇದಿಕೆಗೆ ಹತ್ತಿಸಿದರು. ಒಂದು ಶಾಲು, ಒಂದು ಗೋಡೆ ಗಡಿಯಾರ. ಗಡಿಯಾರದ ಕೆಳಗೆ ಒಂದು ಹಿತ್ತಾಳೆ ಪಟ್ಟಿ. ಅದರ ಮೇಲೆ ಅಜ್ಜಿಯ ಹೆಸರು, ಅದರ ಕೆಳಗೆ: 20 ವರ್ಷಗಳ ಸೇವೆಗಾಗಿ.

ಅಜ್ಜಿಗೆ ಆ ದಿನ ಎಷ್ಟು ಖುಷಿ ಆಗಿತ್ತು ಅಂದರೆ, ಈಗಲೂ ಆ ಕತೆ ಹೇಳುವಾಗ ಸೆರಗು ಸರಿ ಮಾಡಿಕೊಳ್ತಾರೆ. "ಮೈಕಲ್ಲಿ ನನ್ನ ಹೆಸರು ಹೇಳಿದ್ರು. ಪೂರಾ ಹೆಸರು." ಆ ಖುಷಿಯನ್ನು ನಾನು ತಮಾಷೆ ಮಾಡಲ್ಲ. ಇಡೀ ಜೀವನ "ಏ ಹೆಂಗಸೇ" ಅಂತ ಕರೆಸಿಕೊಂಡವರಿಗೆ ಮೈಕಲ್ಲಿ ಪೂರಾ ಹೆಸರು ಕೇಳೋದು ಸಣ್ಣ ವಿಷಯ ಅಲ್ಲ.

ಆದರೆ 1980ರ ದಶಕ ಮುಗಿಯೋ ಹೊತ್ತಿಗೆ ಗಾಳಿ ಬದಲಾಗಿತ್ತು. ಎಲ್ಲರಿಗೂ ಆರ್‌ಸಿಸಿ ಮನೆ ಬೇಕು, ತಾರಸಿ ಬೇಕು. ಒಳ್ಳೇ ಮಣ್ಣು ಸಿಗೋದು ಕಷ್ಟ, ಸೌದೆ ತುಟ್ಟಿ. ಗುರುಪುರ ಹೊಳೆ ಕಡೆಯ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕೋಕೆ ಶುರುವಾಯ್ತು. 1995ರಲ್ಲಿ ಅಜ್ಜಿಯ ಕಾರ್ಖಾನೆಯೂ ಮುಚ್ಚಿತು. ಮೊದಲು ಹೊಸ ಯೂನಿಟ್, ಆಮೇಲೆ ಹಳೇದು.

ಲೆಕ್ಕ ಚುಕ್ತಾ ಮಾಡೋ ದಿನ ಬಂತು. ಗ್ರಾಚ್ಯುಟಿ ಕಾಯ್ದೆಯ ಸೂತ್ರ ಸರಳ: 5 ವರ್ಷ ಬಿಡದೆ ದುಡಿದವರಿಗೆ, ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ. ಅಜ್ಜಿಯ ಲೆಕ್ಕ 1964ರಿಂದ 1995, ಅಂದರೆ 31 ವರ್ಷ. ಆಫೀಸಿನ ಲೆಕ್ಕ 1972ರಿಂದ 1995, ಅಂದರೆ 23. ಮಧ್ಯದ 8 ವರ್ಷ? "ಪುಸ್ತಕದಲ್ಲಿ ಇಲ್ಲಮ್ಮ" ಅಂದರಂತೆ. ಸಣ್ಣ ಪುಸ್ತಕ ಎಲ್ಲಿ ಅಂತ ಕೇಳಿದರೆ, ಅದು ಗೆದ್ದಲು ತಿಂದು ಹೋಗಿದೆ ಅಂತ ಉತ್ತರ.

8 ವರ್ಷ ಅಂದರೆ 120 ದಿನದ ಸಂಬಳ. ಇವತ್ತು ಕೇಳೋಕೆ ಸಣ್ಣ ಮೊತ್ತ. ಆ ವರ್ಷ ಚಿಕ್ಕಮ್ಮನ ಮದುವೆ ಗೊತ್ತಾಗಿತ್ತು. ಅಜ್ಜಿಗೆ ಅದು ಸಣ್ಣದಾಗಿರಲಿಲ್ಲ.

ಆಗ ಅಜ್ಜಿ ಮಾಡಿದ ಕೆಲಸ ನಮ್ಮ ಮನೆಯಲ್ಲಿ ಇವತ್ತಿಗೂ ಹೇಳಿಕೊಳ್ಳೋ ಕತೆ. ಗೋಡೆಯಿಂದ ಗಡಿಯಾರ ಇಳಿಸಿದರು. ಬೈರಾಸಿನಲ್ಲಿ ಸುತ್ತಿದರು. ಯೂನಿಯನ್‌ನ ಒಬ್ಬರು ಅಣ್ಣನ ಜತೆ ಬಸ್ ಹತ್ತಿ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದರು. ಅಧಿಕಾರಿಯ ಮೇಜಿನ ಮೇಲೆ ಗಡಿಯಾರ ಇಟ್ಟು ಹೇಳಿದರಂತೆ: "ಸ್ವಾಮಿ, 84ರಲ್ಲಿ ಇವರೇ 20 ವರ್ಷ ಅಂತ ಬರೆದು ಕೊಟ್ಟಿದ್ದಾರೆ. ಪುಸ್ತಕದ ಲೆಕ್ಕದಲ್ಲಿ ಆಗ ನನಗೆ 12 ವರ್ಷ. ಯಾವುದು ಸುಳ್ಳು ಅಂತ ಅವರನ್ನೇ ಕೇಳಿ."

ಕಂಪನಿ ಕಡೆಯವರು, ಗಡಿಯಾರ ಅನ್ನೋದು ಪ್ರೀತಿಯಿಂದ ಕೊಟ್ಟ ಉಡುಗೊರೆ, ದಾಖಲೆ ಅಲ್ಲ ಅಂದರು. ಆದರೆ ಆ ದಿನ ಗಡಿಯಾರ ತಗೊಂಡಿದ್ದ 12 ಮಂದಿಯಲ್ಲಿ 5 ಮಂದಿಯದ್ದೂ ಇದೇ ಕತೆ ಅಂತ ಯೂನಿಯನ್‌ನವರು ಹುಡುಕಿ ತೆಗೆದರು. ಮುಂದಿನ ಸಲ ಮೇಜಿನ ಮೇಲೆ 5 ಗಡಿಯಾರ ಕೂತವು. ಎರಡು ವರ್ಷ ಓಡಾಟ ಆಯ್ತು. ಕೊನೆಗೆ ರಾಜಿ. ಬಿಟ್ಟುಹೋದ ವರ್ಷಗಳಲ್ಲಿ ಅರ್ಧ ಕೊಡ್ತೀವಿ ಅಂದರು. ಅಜ್ಜಿಗೆ 4 ವರ್ಷದ್ದು ಸಿಕ್ಕಿತು, 60 ದಿನದ ಸಂಬಳ. ಅಷ್ಟರಲ್ಲಿ ಚಿಕ್ಕಮ್ಮನ ಮದುವೆ ಸಾಲ ಮಾಡಿ ಮುಗಿದಿತ್ತು. ಅಜ್ಜಿ ಬೀಡಿ ಕಟ್ಟೋಕೆ ಕೂತಿದ್ದರು.

"ಉಳಿದ 4 ವರ್ಷ ಬಿಟ್ಟುಬಿಟ್ರಾ ಅಜ್ಜಿ?" ಅಂತ ನಾನು ಕೇಳಿದೆ.

"ಬಿಡದೆ ಎಂತ ಮಾಡುದು ಮಗಾ. ಬಸ್ಸಿನ ಖರ್ಚು ಜಾಸ್ತಿ ಆಯ್ತು." ಸ್ವಲ್ಪ ಹೊತ್ತು ಬಿಟ್ಟು, "ಆದ್ರೆ ಆ ರೈಟರು ಸಣ್ಣ ಪುಸ್ತಕ ಗೆದ್ದಲು ತಿಂದಿದೆ ಅಂದದ್ದು ಸುಳ್ಳು. ದೊಡ್ಡ ಪುಸ್ತಕ ಅದೇ ಕಪಾಟಲ್ಲಿ ಇತ್ತು. ಅದಕ್ಕೆ ಗೆದ್ದಲು ಯಾಕೆ ಹಿಡೀಲಿಲ್ಲ?"

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಈ ಕತೆಯನ್ನು ಈಗ ಯಾಕೆ ಹೇಳಿದೆ ಅಂದರೆ, ನಮ್ಮ ಪೀಳಿಗೆಗೂ ಗಡಿಯಾರ ಸಿಗುತ್ತೆ. ರೂಪ ಬೇರೆ. ಎಂಪ್ಲಾಯಿ ಆಫ್ ದ ಮಂತ್ ಅಂತ ಗ್ರೂಪಿನಲ್ಲಿ ಫೋಟೋ, ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್, ಡೆಲಿವರಿ ಆ್ಯಪ್‌ನಲ್ಲಿ ಗೋಲ್ಡ್ ಬ್ಯಾಡ್ಜ್. ಕಂಪನಿ ಬೆಳೆದಾಗ ವೇದಿಕೆ ಮೇಲೆ "ನಾವೆಲ್ಲ ಒಂದೇ ಕುಟುಂಬ". ಅದರಲ್ಲಿ ತಪ್ಪಿಲ್ಲ. ಚಪ್ಪಾಳೆ ಬೇಕು, ಮನುಷ್ಯರಿಗೆ ಅದು ಬೇಕೇ ಬೇಕು. ಆದರೆ ಜತೆಗೆ ಒಂದು ಪ್ರಶ್ನೆ ಕೇಳಿಕೊಳ್ಳಿ: ವೇದಿಕೆ ಮೇಲೆ ಹೇಳಿದ ವರ್ಷ ಪುಸ್ತಕದಲ್ಲೂ ಇದೆಯಾ? ನಿಮ್ಮ ಆಫರ್ ಲೆಟರ್‌ನಲ್ಲಿರೋ ಸೇರಿದ ದಿನ, ಪಿಎಫ್ ಪಾಸ್‌ಬುಕ್‌ನಲ್ಲಿರೋ ದಿನ, ನೀವು ನಿಜವಾಗಿ ಕೆಲಸ ಶುರು ಮಾಡಿದ ದಿನ, ಮೂರೂ ಒಂದೇನಾ? ಟ್ರೈನಿ, ಇಂಟರ್ನ್, ಕಾಂಟ್ರ್ಯಾಕ್ಟ್, ಪಾರ್ಟ್ನರ್ ಅನ್ನೋದೆಲ್ಲ ಎಷ್ಟೋ ಕಡೆ ಆ ಸಣ್ಣ ಪುಸ್ತಕದ ಹೊಸ ಹೆಸರುಗಳು.

2025ರಲ್ಲಿ ಕರ್ನಾಟಕ, ಆ್ಯಪ್‌ಗಳಿಗೆ ದುಡಿಯೋ ಗಿಗ್ ಕಾರ್ಮಿಕರಿಗಾಗಿ ಒಂದು ಕಾನೂನು ತಂದಿತು. ಅದು ಮೊದಲು ಹೇಳೋದು ನೋಂದಣಿ. ಪ್ರತಿಯೊಬ್ಬ ಕಾರ್ಮಿಕನಿಗೂ ಒಂದು ನಂಬರ್, ಒಂದು ಲೆಕ್ಕ. ಓದಿದಾಗ ಒಣ ಸರ್ಕಾರಿ ಭಾಷೆ ಅನ್ನಿಸುತ್ತೆ. ಹೆಸರು ದೊಡ್ಡ ಪುಸ್ತಕಕ್ಕೆ ಹತ್ತೋಕೆ 8 ವರ್ಷ ಕಾದವರ ಮನೆಯಲ್ಲಿ ಹುಟ್ಟಿದ್ದರಿಂದ ನನಗೆ ಅದು ಒಣ ಅನ್ನಿಸಲಿಲ್ಲ.

ಆ ಗಡಿಯಾರ ಈಗಲೂ ನಮ್ಮ ಮನೆಯಲ್ಲಿದೆ. ನಿಂತುಹೋಗಿ ಎಷ್ಟೋ ಕಾಲ ಆಯ್ತು. ರಿಪೇರಿ ಮಾಡಿಸ್ತೀನಿ ಅಂದರೆ ಅಜ್ಜಿ ಬೇಡ ಅಂತಾರೆ. "ಟೈಮು ಫೋನಲ್ಲಿ ಉಂಟಲ್ಲ. ಇದು ನನ್ನ ಲೆಕ್ಕಕ್ಕೆ ಇರುದು." ಆ ಹಿತ್ತಾಳೆ ಪಟ್ಟಿಯನ್ನು ಮಾತ್ರ ವರ್ಷಕ್ಕೊಂದು ಸಲ, ಆಯುಧಪೂಜೆ ದಿನ, ಹುಣಸೆಹುಳಿ ಹಾಕಿ ತಿಕ್ಕಿ ಇಡ್ತಾರೆ.

ಒಂದು ಸಣ್ಣ ಕೆಲಸ ಕೊಡ್ತೀನಿ ನಿಮಗೆ. ಊರಿಗೆ ಹೋದಾಗ ಹಳೇ ಮನೆಯ ಹಂಚಿನ ಹಿಂಬದಿ ನೋಡಿ, ಯಾವ ಕಂಪನಿ ಅಂತ ಓದಿ. ಆಮೇಲೆ ಮನೆಯ ಹಿರಿಯರ ಹತ್ತಿರ ಕೂತು, ನಮ್ಮವರು ಯಾರಾದರೂ ಹಂಚಿನ ಕಾರ್ಖಾನೆಯಲ್ಲೋ, ಬೀಡಿಯಲ್ಲೋ, ಗೋಡಂಬಿಯಲ್ಲೋ, ನಿಮ್ಮ ಕಡೆಯ ಗಿರಣಿಯಲ್ಲೋ ದುಡಿದಿದ್ದಾರಾ ಅಂತ ಕೇಳಿ. ಇದ್ದರೆ ಅವರ ಪೂರಾ ಹೆಸರು, ಸೇರಿದ ವರ್ಷ, ಬಿಟ್ಟ ವರ್ಷ ಫೋನಲ್ಲಿ ಬರೆದಿಟ್ಟುಕೊಳ್ಳಿ. ಕಂಪನಿಯ ಇಸವಿ ಹಂಚಿನ ಮೇಲೆ ಹೇಗೂ ಇರುತ್ತೆ.